ಹಿಡಿದುಕೊಳ್ಳಲು ಒಬ್ಬರು

ರಿಮೋಟಿನ ವೇಗದ ವಿಮಾನವನ್ನು ಒಬ್ಬನೇ ಕಟ್ಟಬಹುದು, ಒಬ್ಬನೇ ಬಣ್ಣ ಬಳಿಯಬಹುದು, ಮನಸ್ಸು ಗಟ್ಟಿಯಿದ್ದರೆ ಒಬ್ಬನೇ ಹಾರಿಸಲೂಬಹುದು. ಆದರೆ ಹಾರಿಸುವ ಮೊದಲು ಪರೀಕ್ಷೆ ಮಾಡಲು ಮಾತ್ರ ಇಬ್ಬರು ಬೇಕು. ಒಬ್ಬ ವಿಮಾನವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ನಿಲ್ಲಬೇಕು, ಇನ್ನೊಬ್ಬ ರಿಮೋಟು ಹಿಡಿದು ಮೂವತ್ತು ಹೆಜ್ಜೆ ಆಚೆ ಹೋಗಬೇಕು. ಈ ಇನ್ನೊಬ್ಬನೆಂಬ ಪ್ರಾಣಿಯನ್ನು ಎಲ್ಲಿಂದ ಹಿಡಿದು ತರುವುದು ಎಂಬುದೇ ಹಲ್ಲಿನ ಮೇಸ್ತ್ರಿಗೆ ಎರಡು ವರ್ಷದ ತಲೆನೋವಾಗಿತ್ತು.

ಮೇಸ್ತ್ರಿ ಎಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿ ನೋಡುತ್ತಾರೆ, ಅಚ್ಚು ತೆಗೆಯುತ್ತಾರೆ, ಬಾಗಿಲಿಗೆ ಬೋರ್ಡು ಹಾಕಿಕೊಳ್ಳುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಡಬ್ಬಿಯಲ್ಲಿಟ್ಟು ಕಳಿಸುವವನು ಮೇಸ್ತ್ರಿ. ಊರಿನ ಮೂವರು ಡಾಕ್ಟರುಗಳ ಕೆಲಸವೂ ಅವನ ಮೇಜಿಗೇ ಬರುತ್ತಿತ್ತು. ಐವತ್ತೆಂಟು ವರ್ಷದ ಈ ಮನುಷ್ಯ ಮೂವತ್ತು ವರ್ಷದಿಂದ ಊರಿನ ಅರ್ಧ ಮುದುಕರಿಗೆ ನಗು ಮಾಡಿಕೊಟ್ಟಿದ್ದ. ನಕ್ಕವರಲ್ಲಿ ಒಬ್ಬರೂ ಅವನ ಮುಖ ನೋಡಿರಲಿಲ್ಲ, ಅವನೂ ಅವರ ಮುಖ ನೋಡಿರಲಿಲ್ಲ. ಅವನಿಗೆ ಜನ ಗೊತ್ತಿದ್ದದ್ದು ಬಾಯಿಯ ಒಳಗಿನಿಂದ.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ವಾಸ. ಮುಂದಿನ ಕೋಣೆಯಲ್ಲಿ ಹಲ್ಲು, ಹಿಂದಿನ ಕೋಣೆಯಲ್ಲಿ ಮಂಚ ಮತ್ತು ವಿಮಾನ. ಪ್ಲಾಸ್ಟರ್ ಪುಡಿ ಎಷ್ಟು ಗುಡಿಸಿದರೂ ಬಾಗಿಲ ಸಂದಿಯಲ್ಲಿ ಉಳಿಯುತ್ತಿತ್ತು. ಬೆಳಗ್ಗೆ ಎದ್ದರೆ ದಿಂಬಿನ ಮೇಲೂ ಬಿಳಿ. ಮದುವೆಯಾಗಿರಲಿಲ್ಲ. ತಾಯಿಯನ್ನು ನೋಡಿಕೊಳ್ಳುವುದಿತ್ತು, ಆಮೇಲೆ ಆಗೋಣ ಎಂದುಕೊಂಡ; ತಾಯಿ ತೀರಿಕೊಳ್ಳುವ ಹೊತ್ತಿಗೆ ಯಾಕೆ ಆಗಲಿಲ್ಲ ಎಂದು ಕೇಳುವವರೂ ಮುಗಿದಿದ್ದರು. ಉಳಿದವಳು ಒಬ್ಬ ಅಕ್ಕ. ದೂರದ ಊರಿನಿಂದ ಭಾನುವಾರ ಸಂಜೆ ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಇನ್ನೂ ಆ ಆಟದ ಸಾಮಾನು ಇಟ್ಕೊಂಡಿದೀಯಾ ಎಂಬ ಮೂರು ಪ್ರಶ್ನೆ. ಮೂರಕ್ಕೂ ಹೂಂ ಎಂದರೆ ಫೋನು ಇಡುತ್ತಿದ್ದಳು.

ಆಟದ ಸಾಮಾನು ಎಂದರೆ ಅವನ ಮೂಗು ಕೆಂಪಾಗುತ್ತಿತ್ತು. ಅಕ್ಕನಾದ್ದರಿಂದ ಸುಮ್ಮನಿರುತ್ತಿದ್ದ. ಮೂರಡಿ ಅಗಲದ ತೆಳು ರೆಕ್ಕೆ, ಕಪ್ಪು ಮೈ, ದೂರಕ್ಕೆ ಕಾಣಲೆಂದು ಹೊಟ್ಟೆಗೆ ಕಿತ್ತಳೆ ಪಟ್ಟೆ. ತೂಕ ಒಂದೂವರೆ ಕಿಲೋ, ವೇಗ ಗಂಟೆಗೆ ಇನ್ನೂರು ಕಿಲೋಮೀಟರು. ಅಷ್ಟು ವೇಗದಲ್ಲಿ ಬರುವ ಒಂದೂವರೆ ಕಿಲೋ ಯಾರ ತಲೆಗೆ ಬಡಿದರೂ ಅಲ್ಲಿಗೆ ಮುಗಿಯಿತು. ಅದನ್ನು ಅಕ್ಕನಿಗೆ ಹೇಳಿದರೆ ಫೋನಿನಲ್ಲೇ ಅಳುತ್ತಾಳೆ ಎಂದು ಹೇಳಿರಲಿಲ್ಲ.

ಅದನ್ನು ಹಾರಾಟಕ್ಕೆ ಅಣಿ ಮಾಡುವುದರಲ್ಲಿ ಮೇಸ್ತ್ರಿಯ ಕೈ ನೋಡಬೇಕು. ರೆಕ್ಕೆಯ ಕೆಳಗೆ ಎರಡು ಕಡೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಆ ಚುಕ್ಕೆಗೆ ಎರಡು ತೋರುಬೆರಳು ಕೊಟ್ಟು ವಿಮಾನವನ್ನು ಎತ್ತುತ್ತಿದ್ದ. ಮೂಗು ತುಸು ಕೆಳಗೆ ಬಾಗಿ ನಿಂತರೆ ತೂಕ ಸರಿ. ಬಾಲ ಇಳಿದರೆ ಅದು ಗಾಳಿಯಲ್ಲಿ ಹುಚ್ಚು ಕುದುರೆಯಾಗುತ್ತದೆ, ಹಾಗಾಗಿ ಬ್ಯಾಟರಿಯನ್ನು ಒಂದು ಬೆರಳಿನಷ್ಟು ಮುಂದಕ್ಕೆ ಸರಿಸಿ ಪಟ್ಟಿ ಬಿಗಿಯಬೇಕು. ನಿಧಾನದ ವಿಮಾನಕ್ಕೆ ದಿಕ್ಕು ತಿರುಗಿಸುವ ರೆಕ್ಕೆಯಂಚಿನ ಪಟ್ಟಿ ಎರಡು ಬೆರಳು ಏಳಬಹುದು. ಇದಕ್ಕೆ ನಾಲ್ಕು ಮಿಲಿಮೀಟರು ಸಾಕು, ಐದಾದರೆ ಪಲ್ಟಿ. ಅದನ್ನು ಅವನು ಹಲ್ಲಿನ ಅಂತರ ಅಳೆಯುವ ಅಳತೆಪಟ್ಟಿಯಿಂದಲೇ ಅಳೆಯುತ್ತಿದ್ದ. ಕೀಲುಗಳನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಕೀಲು ಕೂದಲೆಳೆ ಸಡಿಲವಿದ್ದರೂ ವೇಗದಲ್ಲಿ ಬಾಲ ನಡುಗಿ ನಡುಗಿ ಕಿತ್ತುಹೋಗುತ್ತದೆ. ಸಡಿಲ ಹಲ್ಲನ್ನು ಬೆರಳಲ್ಲಿ ಹುಡುಕುವುದು ಅವನಿಗೆ ಹೊಸತಲ್ಲವಲ್ಲ.

ಇಷ್ಟೆಲ್ಲ ಮೇಜಿನ ಮೇಲೆ ಒಬ್ಬನೇ ಮಾಡುವ ಕೆಲಸ. ಬಯಲಿಗೆ ಹೋದ ಮೇಲಲ್ಲವೇ ಒಂಟಿತನ ಗೊತ್ತಾಗುವುದು? ಊರಾಚೆ, ಮುಚ್ಚಿದ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲಲ್ಲಿ ಭಾನುವಾರ ಬೆಳಗ್ಗೆ ಏಳೆಂಟು ಮಂದಿ ವಿಮಾನದವರು ಸೇರುತ್ತಿದ್ದರು. ಮೇಸ್ತ್ರಿ ಭಾನುವಾರ ಹೋಗುತ್ತಿರಲಿಲ್ಲ. ಬುಧವಾರ ಹೋಗುತ್ತಿದ್ದ, ಯಾಕೆಂದರೆ ಬುಧವಾರ ಯಾರೂ ಇರುತ್ತಿರಲಿಲ್ಲ.

ಹೊಸ ವಿಮಾನವನ್ನು ಮೊದಲ ಬಾರಿ ಬಯಲಿಗೆ ಒಯ್ದ ಬುಧವಾರ ಅವನು ಮಾಡಿದ ಸರ್ಕಸ್ಸು ನೋಡಲು ಯಾರೂ ಇಲ್ಲದ್ದೇ ಒಳ್ಳೆಯದಾಯಿತು. ವಿಮಾನವನ್ನು ಕಬ್ಬಿಣದ ಗೂಟಕ್ಕೆ ಬೆಲ್ಟಿನಿಂದ ಬಿಗಿದ. ಎದುರಿಗೆ ಎರಡು ಇಟ್ಟಿಗೆ ನಿಲ್ಲಿಸಿ, ಅದರ ಮೇಲೆ ಮೊಬೈಲಿನ ಕ್ಯಾಮೆರಾ ಹಚ್ಚಿಟ್ಟ. ರಿಮೋಟಿನ ಶಕ್ತಿಯನ್ನು ಪರೀಕ್ಷೆಗೆಂದು ತಗ್ಗಿಸುವ ಗುಂಡಿ ಒತ್ತಿಕೊಂಡು ಮೂವತ್ತು ಹೆಜ್ಜೆ ಎಣಿಸಿ ನಡೆದ. ಅಲ್ಲಿಂದ ಕೂಗಿದ: “ಬಲ!” ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದ. “ಎಡ!” ಎಡಕ್ಕೆ ಒತ್ತಿದ. “ಮೇಲೆ! ಕೆಳಗೆ!” ಮತ್ತೆ ಮೂವತ್ತು ಹೆಜ್ಜೆ ವಾಪಸು ಬಂದು, ಬಿಸಿಲಿಗೆ ಬೆನ್ನು ಹಾಕಿ ಕೂತು, ಮೊಬೈಲಿನಲ್ಲಿ ತನ್ನದೇ ನಾಟಕ ನೋಡಿದ.

ರೆಕ್ಕೆಯ ಪಟ್ಟಿಗಳು ಹೇಳಿದಂತೆ ಕೇಳಿದ್ದವು. ಆದರೆ ಅವನಿಗೆ ಕೇಳಿಸಿದ್ದು ಬೇರೆ. ದೂರದಿಂದ ತನ್ನ ದನಿ “ಬಲ” ಎನ್ನುತ್ತದೆ. ಅದಕ್ಕೆ ಯಾರೂ “ಸರಿ” ಎನ್ನುವುದಿಲ್ಲ. ಗಾಳಿ ಭರ್ರೆನ್ನುತ್ತದೆ. ಮತ್ತೆ “ಎಡ” ಎನ್ನುತ್ತದೆ. ಉತ್ತರವಿಲ್ಲ. ಮೇಸ್ತ್ರಿ ವಿಮಾನವನ್ನು ಹಾರಿಸದೆ ಚೀಲಕ್ಕೆ ತುಂಬಿಕೊಂಡು ಸೈಕಲ್ ಹತ್ತಿದ. ಹೀಗೆ ಎರಡು ಬುಧವಾರ ಆಯಿತು.

ಹದಿನಾಲ್ಕು ವರ್ಷ ಆ “ಸರಿ” ಹೇಳುತ್ತಿದ್ದವನು ಲಿಫ್ಟಪ್ಪ. ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಬಯಲಿನ ಮಂದಿ ಇಟ್ಟ ಹೆಸರು ಅದು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಹಲ್ಲು. ಜೇಬಿನಲ್ಲಿ ಇಕ್ಕಳವಿದ್ದರೂ ವೈರಿನ ಸಿಪ್ಪೆಯನ್ನು ಹಲ್ಲಲ್ಲೇ ಕಚ್ಚಿ ಎಳೆಯುತ್ತಿದ್ದ. “ನಿನ್ನ ಬಾಯಿ ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬರುತ್ತೆ ನೋಡ್ತಿರು” ಎಂದು ಮೇಸ್ತ್ರಿ ರೇಗಿಸಿದರೆ, “ಬರಲಿ ಬಿಡು, ನಿನಗೂ ಒಂದು ಹೊಟ್ಟೆಪಾಡು” ಎನ್ನುತ್ತಿದ್ದ.

ಇಬ್ಬರದೂ ಒಂದು ಕಟ್ಟುನಿಟ್ಟಿತ್ತು. ವಿಮಾನ ಯಾರದೋ ಅವನು ಹಿಡಿದು ನಿಲ್ಲಬೇಕು; ಪರೀಕ್ಷೆಯನ್ನು ಇನ್ನೊಬ್ಬನೇ ಮಾಡಬೇಕು. ಕಟ್ಟಿದವನ ಕಣ್ಣು ತನ್ನ ತಪ್ಪನ್ನು ತಾನೇ ನೋಡುವುದಿಲ್ಲ, ಅದಕ್ಕೆ. ಕಡೆಯ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು: ಮೋಟಾರು ತಿರುಗುತ್ತಿರುವಾಗ ರಿಮೋಟನ್ನೇ ಆಫ್ ಮಾಡಬೇಕು. ಆಕಾಶದಲ್ಲಿ ಸಂಪರ್ಕ ಕಡಿದುಹೋದರೆ ವಿಮಾನ ಏನು ಮಾಡುತ್ತದೆ ಎಂದು ನೆಲದಲ್ಲೇ ನೋಡುವ ಉಪಾಯ ಅದು. ಮೋಟಾರು ತಟ್ಟನೆ ನಿಂತರೆ ಸರಿ. ಲಿಫ್ಟಪ್ಪನಿಗೆ ಈ ಪರೀಕ್ಷೆಯ ಮೇಲೆ ವಿಶೇಷ ಪ್ರೀತಿ. “ನಮ್ಮ ಲಿಫ್ಟೂ ಹಿಂಗೇ ಕಣೋ. ಹಗ್ಗ ಹೋದ್ರೂ ಡಬ್ಬಿ ಬೀಳಬಾರದು, ಅಲ್ಲೇ ಕಚ್ಕೊಂಡು ನಿಲ್ಲಬೇಕು” ಎನ್ನುತ್ತಿದ್ದ.

ಎರಡು ವರ್ಷದ ಹಿಂದಿನ ಒಂದು ಭಾನುವಾರ ಲಿಫ್ಟಪ್ಪನ ವೇಗದ ವಿಮಾನಕ್ಕೆ ರಿಮೋಟಿನ ಮಾತು ಹಿಡಿಯುವ ಹೊಸ ರಿಸೀವರ್ ಹಾಕಿಯಾಗಿತ್ತು. ಅವನು ಹಿಡಿದು ನಿಂತ, ಮೇಸ್ತ್ರಿ ರಿಮೋಟು ಹಿಡಿದು ದೂರ ಹೋದ. ಬಲ ಸರಿ, ಎಡ ಸರಿ, ಮೇಲೆ ಕೆಳಗೆ ಸರಿ. ಗಾಳಿ ಏಳುತ್ತಿತ್ತು, ಹಿಂದೆ ಮೂವರು ತಮ್ಮ ಸರದಿಗೆ ಕಾಯುತ್ತಿದ್ದರು, ನೂರಾರು ಸಲ ನೋಡಿದ ಪರೀಕ್ಷೆ ತಾನೇ ಎನ್ನಿಸಿತು. ಮೇಸ್ತ್ರಿ ರಿಮೋಟನ್ನು ಆಫ್ ಮಾಡಲಿಲ್ಲ. ಬರೀ ವೇಗದ ಕಡ್ಡಿಯನ್ನು ಕೆಳಗೆಳೆದು ಮೋಟಾರು ನಿಲ್ಲಿಸಿ, “ಆಯ್ತು!” ಎಂದು ಕೂಗಿಬಿಟ್ಟ.

ಲಿಫ್ಟಪ್ಪ ಹಾರಿಸಿದ ವಿಮಾನ ಮೂರನೇ ಸುತ್ತಿನಲ್ಲಿ ಮಾತು ಕೇಳುವುದು ಬಿಟ್ಟಿತು. ಮೋಟಾರು ನಿಲ್ಲಲಿಲ್ಲ. ಪೂರ್ತಿ ವೇಗದಲ್ಲಿ ಕಿರುಚಿಕೊಂಡು ಬಯಲು ದಾಟಿ, ಇಟ್ಟಿಗೆ ಕಾರ್ಖಾನೆಯ ಕಾವಲುಗಾರನ ಮನೆ ಅಂಗಳದಲ್ಲಿ, ಅವನ ಹೆಂಡತಿ ಬಟ್ಟೆ ಹರವುತ್ತಿದ್ದ ಜಾಗದಿಂದ ಎರಡು ಮಾರು ಆಚೆ ನೆಲಕ್ಕೆ ನುಗ್ಗಿತು. ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟಿದ್ದಳು. ಯಾರಿಗೂ ಏನೂ ಆಗಲಿಲ್ಲ. ಚೂರುಗಳನ್ನು ಆರಿಸುತ್ತ ಲಿಫ್ಟಪ್ಪ ಒಂದೇ ಮಾತು ಕೇಳಿದ: “ಆಫ್ ಮಾಡಿ ನೋಡಿದ್ಯಾ?”

“ನೋಡಿದೆ” ಎಂದ ಮೇಸ್ತ್ರಿ. “ಮೋಟಾರು ನಿಂತಿತು.”

ಅದು ಯೋಚಿಸಿ ಹೇಳಿದ ಸುಳ್ಳಲ್ಲ. ಹೆದರಿದ ಬಾಯಿಂದ ಜಾರಿದ್ದು. ಜಾರಿದ್ದನ್ನು ಅವತ್ತೇ ಸಂಜೆ ಎತ್ತಿಕೊಳ್ಳಬಹುದಿತ್ತು, ಮರುದಿನ ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳಲಿಲ್ಲ. ಲಿಫ್ಟಪ್ಪ ನಾಲ್ಕು ವಾರ ಆ ಚೂರುಗಳನ್ನು ಹರವಿಕೊಂಡು ತಪ್ಪು ಹುಡುಕಿದ. ನೆಲದಲ್ಲಿ ನಿಂತ ಮೋಟಾರು ಆಕಾಶದಲ್ಲಿ ಯಾಕೆ ನಿಲ್ಲಲಿಲ್ಲ? ಅವನಿಗೆ ಸಿಗಲಿಲ್ಲ. ಇಲ್ಲದ ಜಾಗದಲ್ಲಿ ಹುಡುಕಿದರೆ ಹೇಗೆ ಸಿಕ್ಕೀತು? ಐದನೇ ವಾರ ಅವನು ಬಯಲಿಗೆ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಇನ್ನೊಬ್ಬರ ವಿಮಾನಕ್ಕೆ “ಆಯ್ತು” ಎಂದು ಕೂಗಲು ಮೇಸ್ತ್ರಿಗೂ ಬಾಯಿ ಏಳಲಿಲ್ಲ. ಅವನೂ ಭಾನುವಾರ ಬಿಟ್ಟ. ಗೆಳೆಯನ ಮನೆಯ ಬೀದಿಯನ್ನೂ ಬಿಟ್ಟ. ಮೀನು ಮಾರುಕಟ್ಟೆಗೆ ಸುತ್ತು ಹಾಕಿ ಹೋಗುವುದನ್ನು ಕಲಿತ.

ಆ ಎರಡನೇ ಬುಧವಾರ ಬಯಲಿನಿಂದ ವಾಪಸಾದ ಮಧ್ಯಾಹ್ನವೇ ಡಾಕ್ಟರ ಕಡೆಯಿಂದ ಒಂದು ಡಬ್ಬಿ ಬಂದಿತ್ತು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಕಟ್ಟಬೇಕು. ಚೀಟಿಯಲ್ಲಿ ಹೆಸರಿಲ್ಲ, ಬರೀ ನಂಬರು. ಮೇಲೆ ಕೆಳಗೆ ಎರಡೂ ಸಾಲಿನ ಅಚ್ಚಿಗೆ ಪ್ಲಾಸ್ಟರ್ ಎರೆದು, ಗಟ್ಟಿಯಾದ ಮೇಲೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಕೆಳಗಿನ ಸಾಲಿನ ಒಂದು ಹಲ್ಲಿನ ತುದಿಯಲ್ಲಿ ಅರ್ಧಚಂದ್ರದ ಹಾಗೆ ಸವೆದ ಗುರುತು. ವೈರು ಕಚ್ಚಿ ಕಚ್ಚಿ ಆದದ್ದು. ಊರಿನಲ್ಲಿ ಅಂಥ ಹಲ್ಲು ಒಂದೇ ಇತ್ತು.

ಮೇಸ್ತ್ರಿ ಅದನ್ನು ಮೇಜಿನ ಮೇಲಿಟ್ಟ. ಎರಡು ವರ್ಷದಲ್ಲಿ ಅವನ ಕೋಣೆಗೆ ಬಂದ ಮೊದಲ ಗೆಳೆಯ ಅದು, ಅದೂ ಪ್ಲಾಸ್ಟರಿನದು. ಚೀಟಿಯಲ್ಲಿ ಡಾಕ್ಟರು ಹಲ್ಲಿನ ಬಣ್ಣದ ನಂಬರು ಬರೆಯುವುದನ್ನು ಮರೆತಿದ್ದರು. ಒಂದು ಫೋನು ಮಾಡಿದ್ದರೆ ಹೇಳುತ್ತಿದ್ದರು. ಮೇಸ್ತ್ರಿ ಫೋನು ಮಾಡಲಿಲ್ಲ. ಬಿಳಿಯಿಂದ ಹಳದಿಯವರೆಗೆ ಹದಿನಾರು ಮಾದರಿ ಹಲ್ಲುಗಳಿದ್ದ ಬಣ್ಣದ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಗೆಳೆಯನ ಮನೆಗೆ ಹೋಗಲೂ ಮನುಷ್ಯನಿಗೆ ಒಂದು ನೆಪ ಬೇಕಾಗುವ ಕಾಲ ಬರುತ್ತದೆ.

ಬಾಗಿಲು ತೆರೆದವಳು ಲಿಫ್ಟಪ್ಪನ ಹೆಂಡತಿ. “ಏನಣ್ಣ, ಎರಡು ವರ್ಷ ಆಯ್ತು, ದಾರಿನೇ ಮರೆತುಬಿಟ್ರಾ?” ಎಂದಳು. ಬೈದಳೋ ನಕ್ಕಳೋ ತಿಳಿಯಲಿಲ್ಲ. ಗಂಡ ಸ್ನಾನಕ್ಕೆ ಹೋಗಿದ್ದ. ಅವಳು ಚಹಾ ತಂದಿಟ್ಟು ದನಿ ತಗ್ಗಿಸಿದಳು. “ಇವರು ಮೊದಲಿನ ಥರ ಇಲ್ಲ ಅಣ್ಣ. ಲಿಫ್ಟ್ ಕೆಲಸ ಬಿಟ್ಟು ಗೋಡೌನಲ್ಲಿ ಕೂತಿದಾರೆ, ನಟ್ಟು ಬೋಲ್ಟು ತೆಗೆದುಕೊಡೋ ಕೆಲಸ. ತಾವೇ ಕೇಳಿ ಹಾಕಿಸ್ಕೊಂಡಿದ್ದು. ಜನ ಹತ್ತೋ ಡಬ್ಬಿ ಕಣೇ ಅದು, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಅಂತಾರೆ. ಗ್ಯಾಸ್ ಆರಿಸಿದ್ದನ್ನ ಮೂರು ಸಲ ಎದ್ದು ನೋಡ್ತಾರೆ. ನೀವಾದ್ರೂ ಒಂದು ಮಾತು ಹೇಳಿ.”

ಮೇಸ್ತ್ರಿಯ ಬಾಯಲ್ಲಿ ಚಹಾ ಹಾಗೇ ನಿಂತಿತು. ತಾನು ಗೆಳೆಯನ ವಿಮಾನ ಕಳೆದೆ, ಭಾನುವಾರ ಕಳೆದೆ ಎಂದು ಮಾತ್ರ ಅವನು ತಿಳಿದಿದ್ದ. ಕೆಲಸವನ್ನೂ ಕಳೆದಿದ್ದೇನೆ ಎಂಬುದು ಗೊತ್ತಿರಲಿಲ್ಲ.

ಲಿಫ್ಟಪ್ಪ ತಲೆ ಒರೆಸಿಕೊಳ್ಳುತ್ತ ಹೊರಬಂದ. ಇಳಿದುಹೋಗಿದ್ದ. ಮುಂದಿನ ಎರಡು ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳಲು ಕೈ ಅಡ್ಡ ಹಿಡಿದು, “ಓ, ಮೇಸ್ತ್ರಿ. ಬಂತಾ ನನ್ನ ಬಾಯಿ ನಿನ್ನ ಮೇಜಿಗೆ?” ಎಂದ.

“ಬಂತು. ಬಣ್ಣ ನೋಡಬೇಕು. ಕಿಟಕಿ ಹತ್ರ ಬಾ, ಬಿಸಿಲಿನ ಬೆಳಕೇ ಆಗಬೇಕು.”

ಲಿಫ್ಟಪ್ಪ ಸ್ಟೂಲಿನ ಮೇಲೆ ಕೂತು ಮುಖ ಎತ್ತಿದ. ಮೇಸ್ತ್ರಿ ಎಡಗೈ ಬೆರಳಿನಿಂದ ಅವನ ಮೇಲ್ದುಟಿಯನ್ನು ಎತ್ತಿ ಹಿಡಿದು, ಬಲಗೈಯಿಂದ ಮಾದರಿ ಹಲ್ಲನ್ನು ಪಕ್ಕದ ಹಲ್ಲಿಗೆ ಹಿಡಿದ. “ಅಲ್ಲಾಡಬೇಡ. ಮಾತಾಡಬೇಡ.” ಒಂದು ತೀರಾ ಬಿಳಿ. ಇನ್ನೊಂದು ತೀರಾ ಮಬ್ಬು. ಮೂರನೆಯದು ಹೊಂದಿತು. ಹೊಂದಿದ ಮೇಲೂ ಅವನು ಬೆರಳು ತೆಗೆಯಲಿಲ್ಲ. ಎದುರಿಗಿರುವವನು ಬಾಯಿ ತೆರೆದುಕೊಂಡು ಮಾತಾಡಲಾಗದೆ ಕೂತಿರುವಾಗ ಹೇಳದಿದ್ದರೆ ತಾನು ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಅವತ್ತು ನಾನು ರಿಮೋಟ್ ಆಫ್ ಮಾಡಿ ನೋಡಲಿಲ್ಲ ಕಣೋ” ಎಂದ. “ಕಡ್ಡಿ ಕೆಳಗೆ ಎಳೆದು ಆಯ್ತು ಅಂದೆ. ಆಮೇಲೆ ನೋಡಿದೆ ಅಂತ ಸುಳ್ಳು ಹೇಳಿದೆ.”

ಲಿಫ್ಟಪ್ಪನ ಕಣ್ಣು ಮಾತ್ರ ಅಲ್ಲಾಡಿತು. ನಿಧಾನವಾಗಿ ಮೇಸ್ತ್ರಿಯ ಕೈ ಹಿಡಿದು ಬಾಯಿಂದ ಆಚೆ ಸರಿಸಿದ.

“ಮೋಟಾರು ನಿಂತಿತು ಅಂದೆಯಲ್ಲ?”

“ನಾನು ನೋಡಲೇ ಇಲ್ಲ. ನಿಲ್ಲೋದು ಎಲ್ಲಿಂದ ಬಂತು?”

ಬೈಗುಳ ಬರುತ್ತದೆ ಎಂದು ಮೇಸ್ತ್ರಿ ಕಾದ. ಬರಲಿಲ್ಲ. ಲಿಫ್ಟಪ್ಪ ಎದ್ದು ನಿಂತು, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ತನಗೆ ತಾನೇ ಹೇಳಿಕೊಳ್ಳತೊಡಗಿದ. “ಹೊಸ ರಿಸೀವರ್. ಜೋಡಿ ಮಾಡಿದ್ದು ಇದೇ ಮೇಜಿನ ಮೇಲೆ. ರಿಮೋಟ್ ಚೀಲದಿಂದ ಎಳೆದೆ... ಚೀಲ ಬಿಗಿ... ಕಡ್ಡಿ ಮೇಲಕ್ಕೆ ಹೋಗಿರುತ್ತೆ! ಮೇಲಿದ್ದಾಗಲೇ ಜೋಡಿ ಆಗಿದೆ!” ರಿಸೀವರನ್ನೂ ರಿಮೋಟನ್ನೂ ಮೊದಲು ಜೋಡಿ ಮಾಡುವ ಗಳಿಗೆಯಲ್ಲಿ ವೇಗದ ಕಡ್ಡಿ ಎಲ್ಲಿರುತ್ತದೋ, ಸಂಪರ್ಕ ಕಡಿದಾಗ ಆ ಯಂತ್ರ ಅದನ್ನೇ ಮಾಡುತ್ತದೆ. ಕೆಳಗಿದ್ದರೆ ನಿಲ್ಲುತ್ತದೆ. ಮೇಲಿದ್ದರೆ ಪೂರ್ತಿ ವೇಗ. “ಅಷ್ಟೇನೇ! ವೈರಿಂಗ್ ಸರಿ ಇತ್ತು! ಬೆಸುಗೆ ಸರಿ ಇತ್ತು! ಏ, ಇಲ್ಲಿ ಬಾರೇ, ಸಿಕ್ತು ಕಣೇ, ಸಿಕ್ತು!”

ಹಲ್ಲಿಲ್ಲದ್ದು ಮರೆತು ನಗುತ್ತಿದ್ದ. ಹೆಂಡತಿ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅವಳ ಭುಜ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ಹೇಳಿದ, ಚೀಲ, ಕಡ್ಡಿ, ರಿಸೀವರ್. ಅವಳಿಗೆ ಒಂದಕ್ಷರ ಅರ್ಥವಾಗದಿದ್ದರೂ ಅವನ ಮುಖ ನೋಡಿ ಕಣ್ಣು ತುಂಬಿಕೊಂಡಳು. ಒಂದು ನಿಮಿಷ ಮೇಸ್ತ್ರಿಯೂ ನಕ್ಕ. ಎಲ್ಲ ಸರಿಹೋಯಿತು ಎಂದುಕೊಂಡ.

ಆಮೇಲೆ ಲಿಫ್ಟಪ್ಪನ ನಗು ಇಳಿಯಿತು. ಸ್ಟೂಲಿನ ಮೇಲೆ ಕೂತು, ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ.

“ನೀನು ಅವತ್ತೇ ಹೇಳಿದ್ರೆ ಹತ್ತು ನಿಮಿಷದಲ್ಲಿ ಸಿಕ್ತಿತ್ತು” ಎಂದ. “ಬಾಯಿಗೆ ಬಂದಂಗೆ ಬೈದು, ನಾಲ್ಕು ದಿನ ಮಾತು ಬಿಟ್ಟು, ಮುಂದಿನ ಭಾನುವಾರ ಮತ್ತೆ ಹಾರಿಸ್ತಿದ್ವಿ. ಎರಡು ವರ್ಷ ಕಣೋ. ಎರಡು ವರ್ಷ ನಾನು ಯಾವ ಸ್ಕ್ರೂ ತಿರುಗಿಸಿದ್ರೂ ಮತ್ತೆ ಬಿಚ್ಚಿ ನೋಡ್ತಿದ್ದೆ.”

ಮೇಸ್ತ್ರಿ ಬಣ್ಣದ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದ. ಹಿಂದಿನಿಂದ ಲಿಫ್ಟಪ್ಪ ಕೇಳಿದ: “ಹೊಸ ವಿಮಾನ ಕಟ್ಟಿದೀಯಂತೆ. ಸೈಕಲ್ ಅಂಗಡಿಯವನು ಹೇಳ್ದ. ಪರೀಕ್ಷೆಗೆ ಜೊತೆಗೆ ಯಾರು ಹಿಡ್ಕೋತಾರೆ?”

“ಯಾರೂ ಇಲ್ಲ. ಗೂಟಕ್ಕೆ ಕಟ್ಟಿ ಮೊಬೈಲಲ್ಲಿ ನೋಡ್ತೀನಿ.”

“ಮೊಬೈಲು ಹೇಳುತ್ತಾ, ಬಾಲ ನಡುಗ್ತಿದೆ ನಿಲ್ಸು ಅಂತ?” ತಲೆ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, “ಹಲ್ಲು ಕೂರಿಸಿದ ಮೇಲೆ ಬರೋ ಬುಧವಾರ ಬರ್ತೀನಿ. ನಿನಗೋಸ್ಕರ ಅಲ್ಲ. ಅದು ಯಾರ ಮೇಲಾದ್ರೂ ಬಿದ್ದರೆ, ಗೊತ್ತಿದ್ದೂ ಸುಮ್ಮನಿದ್ದೆ ಅನ್ನೋದು ನನ್ನ ತಲೆಗೂ ಬರುತ್ತೆ” ಎಂದ.

ಆ ಎರಡು ಹಲ್ಲನ್ನು ಮೇಸ್ತ್ರಿ ಜನ್ಮದಲ್ಲಿ ಯಾರಿಗೂ ಮಾಡದಷ್ಟು ಮುತುವರ್ಜಿಯಿಂದ ಮಾಡಿದ. ಮೂರು ಸಲ ಮೇಣ ಕರಗಿಸಿ ಮತ್ತೆ ಕೂರಿಸಿದ. ಬುಧವಾರ ಬರುವಷ್ಟರಲ್ಲಿ ವಿಮಾನದ ಪ್ರತಿ ಸ್ಕ್ರೂವನ್ನೂ ಬಿಚ್ಚಿ ಬಿಗಿದ. ಮನಸ್ಸು ಮಕ್ಕಳ ಹಾಗೆ ಕುಣಿಯುತ್ತಿತ್ತು. ಹದಿನೈದು ದಿನ ಅವನಿಗೆ ದಿಂಬಿನ ಮೇಲಿನ ಪುಡಿ ಕಾಣಿಸಲಿಲ್ಲ.

ಲಿಫ್ಟಪ್ಪ ಹೇಳಿದ ಹೊತ್ತಿಗೆ ಸರಿಯಾಗಿ ಬಯಲಿಗೆ ಬಂದ. ಹೊಸ ಹಲ್ಲಿನ ಸಂದಿಯಲ್ಲಿ ‘ಸ’ ಬಂದಲ್ಲೆಲ್ಲ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಹಳೆಯ ಕಟ್ಟುನಿಟ್ಟಿನಂತೆ ವಿಮಾನದವನು ಹಿಡಿಯಬೇಕು, ಬಂದವನು ರಿಮೋಟು ಹಿಡಿಯಬೇಕು. ಲಿಫ್ಟಪ್ಪ ಕೈ ಚಾಚಿ ರಿಮೋಟು ಇಸಿದುಕೊಂಡ. ಮೊದಲು ವಿಮಾನದ ಹಿಂದೆ ನಿಂತು ಬಲ ಎಡ ನೋಡಿದ. ಮುಂದೆ ನಿಂತು ನೋಡಿದರೆ ಬಲವೇ ಎಡವಾಗಿ ಮೋಸ ಹೋಗುವುದುಂಟು. ತೂಕದ ಚುಕ್ಕೆಗೆ ಬೆರಳು ಕೊಟ್ಟು ತಾನೇ ಎತ್ತಿ ನೋಡಿದ. ರೆಕ್ಕೆಯ ಸ್ಕ್ರೂ, ಬ್ಯಾಟರಿಯ ಪಟ್ಟಿ, ಬಾಲದ ಕೀಲು, ಒಂದನ್ನೂ ಬಿಡಲಿಲ್ಲ. ಮೇಸ್ತ್ರಿಯ ಕೆಲಸವನ್ನು ಅವನು ಎಂದೂ ಇಷ್ಟು ಅನುಮಾನದಿಂದ ನೋಡಿರಲಿಲ್ಲ.

ಮೂವತ್ತು ಹೆಜ್ಜೆ ದೂರದಿಂದ ಗಟ್ಟಿ ದನಿ ಬಂತು. “ಬಲ!”

“ಸರಿ!” ಎಂದ ಮೇಸ್ತ್ರಿ.

“ಎಡ!”

“ಸರಿ!”

“ಮೋಟಾರು! ಗಟ್ಟಿಯಾಗಿ ಹಿಡ್ಕೋ! ಆಫ್ ಮಾಡ್ತಿದೀನಿ!”

ಕೈಯಲ್ಲಿ ಕಿರುಚುತ್ತಿದ್ದ ಮೋಟಾರು ತಟ್ಟನೆ ನಿಂತಿತು. “ನಿಂತಿತು!” ಎಂದ ಮೇಸ್ತ್ರಿ. “ಇನ್ನೊಂದು ಸಲ!” ಎಂದ ಲಿಫ್ಟಪ್ಪ. ಮತ್ತೆ ನಿಂತಿತು. “ಇನ್ನೊಂದು ಸಲ!” ಮೂರನೇ ಸಲ ಲಿಫ್ಟಪ್ಪ ಮೇಸ್ತ್ರಿಯ ಮಾತಿಗೆ ಕಾಯಲಿಲ್ಲ. ವಿಮಾನದ ಹತ್ತಿರಕ್ಕೇ ಬಂದು, ಕಣ್ಣೆದುರು ಆಫ್ ಮಾಡಿ, ನಿಂತದ್ದನ್ನು ತಾನೇ ನೋಡಿದ.

ಆಗ ಮೇಸ್ತ್ರಿಗೆ ಅರ್ಥವಾಯಿತು. ಅವನ ಒಳಗೂ ಏನೋ ತಟ್ಟನೆ ನಿಂತಿತು.

ಹಾರಾಟ ಎರಡೂವರೆ ನಿಮಿಷ. ಲಿಫ್ಟಪ್ಪ ರಿಮೋಟು ವಾಪಸು ಕೊಟ್ಟು, ವಿಮಾನ ಹಿಡಿದು ಗಾಳಿಗೆ ಎದುರಾಗಿ ಎರಡು ಹೆಜ್ಜೆ ಓಡಿ ತೂರಿದ. ಕೈ ಬಿಟ್ಟ ಮರುಕ್ಷಣ ಮೇಸ್ತ್ರಿ ಮೋಟಾರಿಗೆ ಜೀವ ಕೊಟ್ಟ. ಕಪ್ಪು ಗೆರೆಯೊಂದು ಬಯಲಿನ ಉದ್ದಕ್ಕೆ ಎಳೆದ ಹಾಗೆ ಹೋಯಿತು. ತಿರುಗುವಾಗ ಕಿತ್ತಳೆ ಹೊಟ್ಟೆ ಒಮ್ಮೆ ಮಿಂಚಿತು. ಬಾಲ ನಡುಗಲಿಲ್ಲ, ರೆಕ್ಕೆ ಅಳುಕಲಿಲ್ಲ. ಅಷ್ಟು ಚೆಂದದ ವಿಮಾನವನ್ನು ಮೇಸ್ತ್ರಿ ಹಿಂದೆಂದೂ ಕಟ್ಟಿರಲಿಲ್ಲ. ಪಕ್ಕದಲ್ಲಿ ನಿಂತ ಲಿಫ್ಟಪ್ಪ ಹೇಳಬೇಕಾದ್ದನ್ನಷ್ಟೇ ಹೇಳಿದ: “ಎತ್ತರ ಸಾಕು. ಬಯಲಲ್ಲಿ ಯಾರೂ ಇಲ್ಲ. ಇಳಿಸು.” ವಿಮಾನ ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಬಂದು ನಿಂತಿತು.

ಲಿಫ್ಟಪ್ಪ ಹೋಗಿ ಬ್ಯಾಟರಿ ಬಿಚ್ಚಿ, ಮೋಟಾರು ಬಿಸಿಯೇ ಎಂದು ಮುಟ್ಟಿ ನೋಡಿ, ತಂದು ಕೈಗೆ ಕೊಟ್ಟ. “ಚೆನ್ನಾಗಿ ಕಟ್ಟಿದೀಯ” ಎಂದ.

“ಭಾನುವಾರ...” ಎಂದು ಮೇಸ್ತ್ರಿ ಶುರು ಮಾಡಿದ.

“ಆಗಲ್ಲ ಕಣೋ” ಎಂದ ಲಿಫ್ಟಪ್ಪ. ದನಿಯಲ್ಲಿ ಬಿಸಿ ಇರಲಿಲ್ಲ. “ಕೋಪ ಆಗಿದ್ರೆ ಇಳೀತಿತ್ತು. ನೀನು ಇನ್ಮೇಲೆ ಸುಳ್ಳು ಹೇಳಲ್ಲ, ಅದೂ ನನಗೆ ಗೊತ್ತು. ಆದ್ರೆ ನೀನು ‘ನಿಂತಿತು’ ಅಂದಾಗ ನನ್ನ ಕಾಲು ಅಲ್ಲಿಂದ ಎದ್ದು ಬಂತು. ನೋಡೇ ಬಿಡಬೇಕು ಅಂತ. ನೀನೇ ನೋಡಿದ್ಯಲ್ಲ. ಇಬ್ಬರು ಇರೋದೇ ಒಬ್ಬ ಹೇಳಿದ್ದನ್ನ ಇನ್ನೊಬ್ಬ ನಂಬೋಕೆ. ನಂಬೋಕಾಗದೆ ಇಬ್ಬರಿದ್ದು ಏನು ಮಾಡೋದು?”

ಮೇಸ್ತ್ರಿ ತಲೆ ಆಡಿಸಿದ. ಲಿಫ್ಟಪ್ಪ ಅವನ ತೋಳನ್ನು ಒಮ್ಮೆ ಮುಟ್ಟಿ, ಬಸ್ಸಿನ ದಾರಿ ಹಿಡಿದ. ಮೇಸ್ತ್ರಿ ಹುಲ್ಲಿನಲ್ಲಿ ಕೂತು ಅತ್ತ. ಐವತ್ತೆಂಟರ ಗಂಡಸು ಹಾಡುಹಗಲು ಅಳುವುದನ್ನು ನೋಡಲು ಬುಧವಾರ ಯಾರೂ ಇರಲಿಲ್ಲ.

ತಿಂಗಳು ಕಳೆಯಿತು. ಲಿಫ್ಟಪ್ಪ ಗೋಡೌನ್ ಬಿಟ್ಟು ಮತ್ತೆ ಲಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದಾನೆ ಎಂದು ಸೈಕಲ್ ಅಂಗಡಿಯವನು ಹೇಳಿದ. ಭಾನುವಾರ ಬಯಲಿಗೂ ಬರುತ್ತಾನಂತೆ, ಅವನ ಗಂಟಲು ಊರಿಗೇ ಕೇಳುತ್ತದಂತೆ. ಮೇಸ್ತ್ರಿಗೆ ಖುಷಿಯಾಯಿತು. ನಿಜವಾಗಿ ಖುಷಿಯಾಯಿತು. ಕೇಳಿಕೊಂಡು ಮಹಡಿ ಹತ್ತಿ ಹೋದವನು, ಆ ದಿನ ಹಲ್ಲಿನ ಕೆಲಸ ಮುಟ್ಟಲಿಲ್ಲ.

ಮರುಭಾನುವಾರ ಅವನು ವಿಮಾನವಿಲ್ಲದೆ, ಬರೀ ಕೈಯಲ್ಲಿ ಸೈಕಲ್ ತುಳಿದುಕೊಂಡು ಹೋಗಿ ರಸ್ತೆಯ ಅಂಚಿನಲ್ಲೇ ನಿಂತ. ಬಯಲಲ್ಲಿ ಏಳೆಂಟು ಮಂದಿ. ನಡುವೆ ಲಿಫ್ಟಪ್ಪ, ಎದೆಗೆ ಹೊಸ ವಿಮಾನ ಅವುಚಿ ಹಿಡಿದು. ಬಯಲಿನ ಮಂದಿಯಲ್ಲೊಬ್ಬ, ಔಷಧಿ ಅಂಗಡಿಯವನು, ದೂರದಲ್ಲಿ ರಿಮೋಟು ಹಿಡಿದು ಕೂಗುತ್ತಿದ್ದ. “ಸರಿ!” “ಸರಿ!” ಎಂದು ಲಿಫ್ಟಪ್ಪ ಉತ್ತರಿಸುತ್ತಿದ್ದ. ಪರೀಕ್ಷೆ ಮುಗಿದು ತಿರುಗಿದ ಔಷಧಿ ಅಂಗಡಿಯವನ ಕಣ್ಣಿಗೆ ರಸ್ತೆಯಲ್ಲಿ ನಿಂತವನು ಬಿದ್ದ.

“ಅಯ್ಯೋ, ಮೇಸ್ತ್ರಿಗಳು! ಎಷ್ಟು ದಿನ ಆಯ್ತು! ಬನ್ನಿ, ಬನ್ನಿ, ಅಲ್ಲೇ ಯಾಕೆ ನಿಂತ್ರಿ?”

ಆ ಸುಳ್ಳಿನ ವಿಷಯ ಲಿಫ್ಟಪ್ಪ ಯಾರಿಗೂ ಹೇಳಿರಲಿಲ್ಲ. ಕರೆದ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. ಎಲ್ಲರೂ ತಿರುಗಿ ನೋಡಿದರು, ಲಿಫ್ಟಪ್ಪನೂ ನೋಡಿದ. ಮುಖ ತಿರುಗಿಸಲಿಲ್ಲ, ಬಾ ಎನ್ನಲೂ ಇಲ್ಲ.

“ಇಲ್ಲ ಕಣಪ್ಪ, ಕೆಲಸ ಇದೆ!” ಎಂದು ಮೇಸ್ತ್ರಿ ಕೂಗಿದ.

“ಭಾನುವಾರ ಎಂಥ ಕೆಲಸ ರೀ ನಿಮಗೆ?”

ಮೇಸ್ತ್ರಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತ. ಆಗ ಲಿಫ್ಟಪ್ಪ ಬಾಯಿ ತೆರೆದ.

“ಬಿಡ್ರಪ್ಪ, ಅವನಿಗೆ ಕೆಲಸ ಇದೆ” ಎಂದ. “ನನಗೆ ಗೊತ್ತು.”

ಮೇಸ್ತ್ರಿ ಕೈ ಎತ್ತಿ ತೋರಿಸಿ, ಸೈಕಲ್ ತಿರುಗಿಸಿಕೊಂಡು ಊರ ಕಡೆಗೆ ತುಳಿದ.